ಗಾಳಿ ಬಿಡುವ ನಲ್ಲಿಗೂ ಆಧಾರ್

ಸರ್ಕಾರ ದುಡ್ಡನ್ನು ನೀರಿನಂತೆ ಖರ್ಚು ಮಾಡುತ್ತದೆ ಅಂತ ಗೊಣಗುವವರಿದ್ದಾರೆ. ಗ್ರಾಮೀಣ ಕುಡಿಯುವ ನೀರಿನ ಯೋಜನೆಯಲ್ಲಿ ಇದು ಆರೋಪವಲ್ಲ, ಸತ್ಯ. ಅಲ್ಲಿ ದುಡ್ಡು ಥೇಟ್ ಹಳ್ಳಿಯ ನಲ್ಲಿ ನೀರಿನ ಹಾಗೇ ಬರುತ್ತದೆ. ಮೊದಲು ಬರುತ್ತಂತೆ ಅಂತ ಸುದ್ದಿ. ಆಮೇಲೆ ಪೈಪಿನೊಳಗೆ ಗುರ್ ಅಂತ ಸದ್ದು. ಒಂದಷ್ಟು ಗಾಳಿ. ಕೊನೆಗೆ ಬಿಂದಿಗೆಯ ತಳ ಒದ್ದೆಯಾಗುವಷ್ಟು ನೀರು.

ನಂಬಿಕೆ ಬರದಿದ್ದರೆ ಕೇಂದ್ರ ಬಜೆಟ್ ನೋಡಿ. ಹಳ್ಳಿ ಮನೆಗಳಿಗೆ ನಲ್ಲಿ ಹಾಕಿಸುವ ಜಲಜೀವನ್ ಮಿಷನ್‌ಗೆ 2024-25ರಲ್ಲಿ 70,163 ಕೋಟಿ ರೂಪಾಯಿ ಎಂದು ಘೋಷಿಸಿದರು. ವರ್ಷ ಮುಗಿಯುವ ಹೊತ್ತಿಗೆ ಪರಿಷ್ಕೃತ ಅಂದಾಜಿನಲ್ಲಿ, ಅಂದರೆ ತಿದ್ದಿ ಬರೆದ ಲೆಕ್ಕದಲ್ಲಿ, ಉಳಿದದ್ದು 22,694 ಕೋಟಿ. ಇದನ್ನು ಸೋರಿಕೆ ಅನ್ನಬೇಡಿ, ತಪ್ಪಾಗುತ್ತದೆ. ವಾಲ್ವ್ ತಿರುಗಿಸಿದ್ದರೆ ತಾನೇ ಸೋರುವುದು? ಮರುವರ್ಷದ ಭಾಷಣದಲ್ಲಿ ಮತ್ತೆ 67,000 ಕೋಟಿ. ಮೇಜು ಕುಟ್ಟುವುದು ಘೋಷಣೆಗೆ. ಪರಿಷ್ಕೃತ ಅಂದಾಜಿಗೆ ಯಾರೂ ಮೇಜು ಕುಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಮಿಷನ್ ಶುರುವಾದದ್ದು 2019ರ ಆಗಸ್ಟ್ 15ರಂದು. 2024ರೊಳಗೆ ಹಳ್ಳಿಯ ಪ್ರತಿ ಮನೆಗೂ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಎಂಬ ಮಾತು. 2024 ಬಂತು, ಹೋಯಿತು. 2025ರ ಬಜೆಟ್‌ನಲ್ಲಿ ಗಡುವನ್ನು 2028ಕ್ಕೆ ದೂಡಿದರು. ಹಾಗಂತ ಏನೂ ಆಗಿಲ್ಲ ಅನ್ನುವುದು ಅನ್ಯಾಯ. ಆರಂಭದಲ್ಲಿ 3.23 ಕೋಟಿ ಮನೆಗಳಿಗಿದ್ದ ನಲ್ಲಿ ಈಗ 15 ಕೋಟಿ ದಾಟಿದೆ. ಕೊಂಕಿಲ್ಲದೆ ಹೇಳುತ್ತೇನೆ, ಇದು ಸಣ್ಣ ಕೆಲಸವಲ್ಲ. ತೊಂದರೆ ಏನೆಂದರೆ ಎಣಿಸಿದ್ದು ನಲ್ಲಿಯನ್ನು. ನಲ್ಲಿ ನಿಂತಲ್ಲೇ ನಿಲ್ಲುತ್ತದೆ, ಫೋಟೊಗೆ ಒದಗುತ್ತದೆ, ಮನೆಯ ಯಜಮಾನರ ಆಧಾರ್ ಸಂಖ್ಯೆಯನ್ನೂ ಜೋಡಿಸಿಕೊಳ್ಳುತ್ತದೆ. ನೀರಿಗೆ ಆಧಾರ್ ಇಲ್ಲ. ಹಾಗಾಗಿ ಅದು ಬಾರದಿದ್ದರೆ ಯಾರನ್ನು ಹಿಡಿದು ಕೇಳುವುದು?

ಪಂಚಾಯಿತಿಯನ್ನು ಕೇಳಬೇಕಂತೆ. ಕಾಮಗಾರಿ ಮುಗಿದ ಮೇಲೆ ಅದನ್ನು ನಡೆಸುವ ಹೊಣೆ ಪಂಚಾಯಿತಿ ಮತ್ತು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯದು. 2021ರಿಂದ 26ರವರೆಗೆ ಪಂಚಾಯಿತಿಗಳಿಗೆ ಕೊಡುವ ಅನುದಾನದಲ್ಲಿ ಶೇ 60ನ್ನು 15ನೇ ಹಣಕಾಸು ಆಯೋಗ ನೀರು, ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿತ್ತು. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆದರೆ ಮೋಟಾರ್ ಸುಟ್ಟುಹೋಗುವುದು ಕಾಗದದ ಮೇಲಲ್ಲ. ರೀವೈಂಡಿಂಗ್ ಮಾಡಿಸಬೇಕು, ಕರೆಂಟ್ ಬಿಲ್ ಕಟ್ಟಬೇಕು, ನೀರು ಬಿಡುವ ನೀರುಗಂಟಿಗೆ ಸಂಬಳ ಕೊಡಬೇಕು. ಇದ್ಯಾವುದಕ್ಕೂ ಟೇಪ್ ಕತ್ತರಿಸುವ ಅವಕಾಶವಿಲ್ಲ ನೋಡಿ. ಓವರ್‌ಹೆಡ್ ಟ್ಯಾಂಕ್ ಉದ್ಘಾಟನೆಗೆ ಶಾಮಿಯಾನ ಹಾಕಬಹುದು. ಕಿತ್ತುಹೋದ ಗೇಟ್ ವಾಲ್ವ್ ಬದಲಿಸಿದ್ದಕ್ಕೆ ಹಾರ ಯಾರಿಗೆ ಹಾಕುವುದು, ಫಿಟ್ಟರ್‌ಗಾ?

ಹಾಗಾಗಿ ನನ್ನದೊಂದು ಸಲಹೆ. ದುರಸ್ತಿಗೂ ಶಂಕುಸ್ಥಾಪನೆ ಇರಲಿ. ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಶಾಸಕರಿಂದ ಹಿಡಿದು ಪಂಚಾಯಿತಿ ಸದಸ್ಯರವರೆಗೆ ಎಲ್ಲರ ಹೆಸರಿರುವ ಅಮೃತಶಿಲೆಯ ಫಲಕ ಹಾಕಿ. ಫ್ಯೂಸ್ ಹಾಕುವಾಗ ಫೋಟೊಗ್ರಾಫರ್ ಇರಲಿ. ಮೋಟಾರ್ ಸುಡುವುದನ್ನೇ ಕಾದು ಕೂರುವ ಜನಪ್ರತಿನಿಧಿಗಳು ಹುಟ್ಟಿಕೊಳ್ಳದಿದ್ದರೆ ಕೇಳಿ.

ಶೌಚಾಲಯದ ಕಥೆ ಇನ್ನೂ ಸೊಗಸು. 2014ರಲ್ಲಿ ಸ್ವಚ್ಛ ಭಾರತ ಬಂದಾಗ ಶೌಚಾಲಯ ಕಟ್ಟಿಸಿಕೊಳ್ಳುವವರಿಗೆ ಕೊಡುವ ಪ್ರೋತ್ಸಾಹಧನವನ್ನು 10,000ದಿಂದ 12,000 ರೂಪಾಯಿಗೆ ಏರಿಸಿದರು. ಶೌಚಾಲಯದಲ್ಲಿ ನೀರು ತುಂಬಿಡಲು, ಕೈ ತೊಳೆಯಲು ಅನುಕೂಲವಾಗಲಿ ಎಂಬ ಒಳ್ಳೆಯ ಯೋಚನೆ ಅದರ ಹಿಂದಿತ್ತು. ತುಂಬಿಡುವುದಕ್ಕೆ ಜಾಗ ಸಿಕ್ಕಿತು. ತುಂಬುವುದಕ್ಕೆ ಏನಿದೆ ಅಂತ ಮಾತ್ರ ಕೇಳಬಾರದು, ಆ ಫೈಲ್ ಬೇರೆ. ದೂರದಿಂದ ಹೊತ್ತು ತಂದ ಎರಡು ಕೊಡದಲ್ಲಿ ಒಂದನ್ನು ಗುಂಡಿಗೆ ಸುರಿಯಲು ಯಾವ ಗೃಹಿಣಿಗೂ ಮನಸ್ಸು ಬರುವುದಿಲ್ಲ. ಅಂಥ ಕಡೆ ಶೌಚಾಲಯಕ್ಕೆ ಸೌದೆ ಒಟ್ಟುವ ಯೋಗ. ಸೌದೆ ಒಟ್ಟಿದರೂ ಲೆಕ್ಕದಲ್ಲಿ ಅದು ಶೌಚಾಲಯವೇ.

2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚಮುಕ್ತ ಎಂದು ಸಾರಿದರು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹಳ್ಳಿಗಳ ಶೇ 26ರಷ್ಟು ಮನೆಯವರು ಇನ್ನೂ ಬಯಲಿಗೇ ಹೋಗುತ್ತಿದ್ದರು. ಪಾಪ, ಅವರಿಗೆ ಘೋಷಣೆ ಕೇಳಿಸಿರಲಿಕ್ಕಿಲ್ಲ. ಬೆಳಿಗ್ಗೆ ಅಷ್ಟೊತ್ತಿಗೆ ಯಾರು ರೇಡಿಯೊ ಹಾಕಿಕೊಂಡು ಹೋಗುತ್ತಾರೆ?

ಇದೆಲ್ಲ ಈ ಸರ್ಕಾರದ್ದೇ ಆವಿಷ್ಕಾರ ಅಂದರೆ ಹಳಬರಿಗೆ ಬೇಜಾರಾದೀತು. 2012ರಿಂದ 17ರವರೆಗೆ, ಅಂದರೆ ಎರಡು ಸರ್ಕಾರಗಳ ಕಾಲದಲ್ಲಿ, ರಾಷ್ಟ್ರೀಯ ಗ್ರಾಮೀಣ ಕುಡಿಯುವ ನೀರಿನ ಕಾರ್ಯಕ್ರಮಕ್ಕೆ 81,168 ಕೋಟಿ ಸುರಿದರು. 55 ಲೀಟರ್ ನೀರು ಸಿಗುವ ಜನವಸತಿಗಳು ಹೆಚ್ಚಿದ್ದು ಶೇ 5.5 ಎಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಬರೆಯಿತು. ವರದಿಯನ್ನು ಸಂಸತ್ತಿನಲ್ಲಿ ಮಂಡಿಸಿದರು, ಮರುವರ್ಷ ಯೋಜನೆಯ ಹೆಸರು ಬದಲಾಯಿತು. ಶೌಚಾಲಯದ್ದೂ ಅಷ್ಟೇ. 1999ರಲ್ಲಿ ಸಂಪೂರ್ಣ ಸ್ವಚ್ಛತಾ ಆಂದೋಲನ, 2012ರಲ್ಲಿ ನಿರ್ಮಲ ಭಾರತ, 2014ರಲ್ಲಿ ಸ್ವಚ್ಛ ಭಾರತ. ಗೋಡೆ ಬರಹದವರಿಗೆ ಮಾತ್ರ ಯಾವ ಕಾಲದಲ್ಲೂ ಕೆಲಸಕ್ಕೆ ಬರವಿಲ್ಲ.

2028ಕ್ಕೆ ಮೊದಮೊದಲು ಹಾಕಿದ ನಲ್ಲಿಗಳಿಗೆ ಒಂಬತ್ತು ವರ್ಷ ತುಂಬುತ್ತದೆ. ತುಕ್ಕು ಹಿಡಿದವನ್ನು ಬದಲಿಸಲು ಹೊಸ ಯೋಜನೆ ಬೇಕೇ ಬೇಕು. ಹೆಸರು ಹುಡುಕಲು ಈಗಲೇ ಒಂದು ಸಮಿತಿ ಮಾಡಿಬಿಡಿ. ಸಭೆಗೆ ಬರುವ ಸದಸ್ಯರಿಗೆ ಬಾಟಲಿ ನೀರು ಕೊಡಲು ಮರೆಯಬೇಡಿ.