ಬಿಡಿಸುವ ಚಟ

ಬೇರೆಯವರಿಗೆ ಚಟ ಬಿಡಿಸಬೇಕು, ನನಗೆ ಬಿಡಿಸುವುದೇ ಚಟ. ಪದಬಂಧ, ಒಗಟು, ಸಂಕೇತ ಲಿಪಿ, ಯಾವುದು ಸಿಕ್ಕರೂ ಪೆನ್ಸಿಲ್ ಹಿಡಿದು ಕೂತುಬಿಡುತ್ತೇನೆ. ಕೂತರೆ ಕರೆದರೂ ಕೇಳಿಸುವುದಿಲ್ಲ ಅಂತ ಮನೆಯಲ್ಲಿ ದೂರು. ಕೇಳಿಸುತ್ತದೆ. ಕರೆದ ಮಾತಿನಲ್ಲಿ ಬೇರೆ ಏನಾದರೂ ಅಡಗಿದೆಯಾ ಅಂತ ನೋಡುತ್ತಿರುತ್ತೇನೆ, ಅಷ್ಟೇ.

ಇದೆಲ್ಲ ಶುರುವಾಗಿದ್ದು ಗೂಢ ಪದಬಂಧದಿಂದ. ಅದರಲ್ಲಿ ಸುಳಿವು ಹೇಳುವುದೇ ಒಂದು, ಕೇಳುವುದೇ ಇನ್ನೊಂದು. 'ಸಾಗರದಲ್ಲಿ ಅಡಗಿರುವ ವಿಷ, 2 ಅಕ್ಷರ' ಅಂದರೆ ಸಮುದ್ರಮಂಥನ ನೆನಪಿಸಿಕೊಂಡು ಕೂರಬಾರದು, ಆ ಪದದ ಒಳಗೇ ಇಣುಕಬೇಕು. ಸಾ-ಗರ. ಗರ ಅಂದರೆ ವಿಷ. (ನಗರದಲ್ಲೂ ಅದೇ ಇದೆ, ಅದನ್ನು ಹೇಳೋಕೆ ಪದಬಂಧ ಬೇಕಿಲ್ಲ.) 'ರಾಜ ತಿರುಗಿ ನಿಂತರೆ ಮುಪ್ಪು' ಅಂದರೆ ಜರಾ. ಇಂಥ ನಾಲ್ಕು ಬಿಡಿಸಿದ ಮೇಲೆ ಮನುಷ್ಯ ಮೊದಲಿನ ಹಾಗೆ ಇರುವುದಿಲ್ಲ. "ಏನ್ರೀ, ಕನಸು ಕಾಣ್ತಾ ಕೂತಿದ್ದೀರಾ?" ಅಂತ ಹೆಂಡತಿ ಕೇಳಿದಾಗ, "ಕನಸಿನ ತಲೆ ತೆಗೆದರೆ ನಸು, ಅಂದ್ರೆ ಸ್ವಲ್ಪ" ಎಂದೆ. ಅವಳು ಯಾರ ತಲೆ ತೆಗೆಯಬೇಕು ಅಂತ ಯೋಚಿಸುತ್ತಿದ್ದಳು ಅನ್ನಿಸುತ್ತೆ.

ಆಮೇಲೆ ಸಂಕೇತ ಲಿಪಿಗೆ ಇಳಿದೆ. ಮೊದಲು ಸೀಸರ್ ಸೈಫರ್. ಪ್ರತಿ ಅಕ್ಷರವನ್ನೂ ಮೂರು ಮನೆ ಮುಂದಕ್ಕೆ ತಳ್ಳಿ ಬರೆಯುವುದು, ಜೂಲಿಯಸ್ ಸೀಸರ್ ಹೀಗೇ ಪತ್ರ ಬರೆಯುತ್ತಿದ್ದನಂತೆ. ಇಂಗ್ಲಿಷಿನಲ್ಲಾದರೆ ಎಷ್ಟು ಮನೆ ತಳ್ಳಿದರೂ 25 ಸಾಧ್ಯತೆ ಅಷ್ಟೇ, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತೆ. ಕನ್ನಡದಲ್ಲೂ ಮಾಡೋಣ ಅಂತ ವ್ಯಂಜನಗಳನ್ನು ಒಂದೊಂದು ಮನೆ ತಳ್ಳಿದೆ. 'ನಮಸ್ಕಾರ' ಹೋಗಿ 'ಪಯಹ್ಖಾಲ' ಆಯಿತು. ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಶೀತ ಯಾವಾಗಿನಿಂದ ಅಂತ ಕೇಳಿದ.

ಅಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ನಿಲ್ಲಿಸಲಿಲ್ಲ, ವಿಜನೇರ್ ಸೈಫರ್ ಹಿಡಿದೆ. ಅದರಲ್ಲಿ ಒಂದು ಕೀಲಿಪದ ಇರುತ್ತೆ, ಆ ಪದದ ಅಕ್ಷರಗಳ ಪ್ರಕಾರ ಒಂದೊಂದು ಅಕ್ಷರ ಒಂದೊಂದು ದೂರ ಜರುಗುತ್ತೆ. 1553ರಲ್ಲಿ ಇದನ್ನು ವಿವರಿಸಿದವರು ಇಟಲಿಯ ಬೆಲ್ಲಾಸೊ, ಹೆಸರು ಹೋಗಿದ್ದು ಮಾತ್ರ ಫ್ರಾನ್ಸಿನ ವಿಜನೇರ್‌ಗೆ. ಒಡೆಯಲಾಗದ ಸಂಕೇತ ಅಂತ ಬಹಳ ಕಾಲ ಮೆರೆಯಿತು. ಇದಕ್ಕಿಂತ ಭದ್ರ ಇನ್ನೇನು ಬೇಕು ಅಂತ ನನ್ನ ಮುಖ್ಯವಾದ ಪಾಸ್‌ವರ್ಡನ್ನು ಇದರಲ್ಲಿ ಬರೆದು ಡೈರಿಯಲ್ಲಿಟ್ಟೆ. ಕೀಲಿಪದ ಎಲ್ಲೂ ಬರೆಯಲಿಲ್ಲ. ಅದು ನನಗೆ ಮರೆಯುವಂಥ ಪದವೇ ಆಗಿರಲಿಲ್ಲ.

ಮರೆಯಿತು.

ಗಾಬರಿಯಾಗಲಿಲ್ಲ, ಒಳಗೊಳಗೇ ಖುಷಿಯಾಯಿತು ಅಂದರೂ ತಪ್ಪಿಲ್ಲ. ನಾನೇ ಹಾಕಿದ ಗಂಟು, ನಾನೇ ಬಿಚ್ಚಿದರಾಯಿತು. 9ನೇ ಶತಮಾನದಲ್ಲೇ ಬಾಗ್ದಾದಿನ ಅಲ್-ಕಿಂದಿ ದಾರಿ ತೋರಿಸಿದ್ದಾನೆ, ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಣಿಸಿ ಭಾಷೆಯ ಜೊತೆ ಹೋಲಿಸು ಅಂತ. ವಿಜನೇರ್‌ಗೆ ಆ ಎಣಿಕೆ ನೇರವಾಗಿ ನಾಟದು ಅಂತ 1863ರಲ್ಲಿ ಕಸಿಸ್ಕಿ ಅನ್ನುವವರು ಇನ್ನೊಂದು ಉಪಾಯ ಬರೆದರು, ಮತ್ತೆ ಮತ್ತೆ ಬರುವ ಅಕ್ಷರಗುಂಪು ಹುಡುಕಿ ಅವುಗಳ ನಡುವಿನ ದೂರ ಅಳೆದರೆ ಕೀಲಿಪದ ಎಷ್ಟುದ್ದ ಎಂದು ಗೊತ್ತಾಗುತ್ತೆ. ಎರಡಕ್ಕೂ ಉದ್ದನೆಯ ಬರಹ ಬೇಕು. ನನ್ನ ಹತ್ತಿರ ಇದ್ದದ್ದು 11 ಅಕ್ಷರ, ಅದರಲ್ಲಿ ಒಂದೂ ಎರಡು ಸಲ ಬಂದಿರಲಿಲ್ಲ. ಕಡೆಗೆ 'ಪಾಸ್‌ವರ್ಡ್ ಮರೆತಿರಾ?' ಒತ್ತಿದೆ. ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು ಅಂತ ಕೇಳಿತು. ಗೊತ್ತಿತ್ತು, ಹಾಕಿದೆ, ತಪ್ಪು ಎಂದಿತು. ಭದ್ರತೆಗೆ ಇರಲಿ ಅಂತ ಆ ಹೆಸರನ್ನೂ ಸೈಫರ್ ಮಾಡಿ ತುಂಬಿದ್ದೆ.

ಇಷ್ಟಾದರೂ ಬುದ್ಧಿ ಬರಲಿಲ್ಲ ಅನ್ನೋದಕ್ಕೆ ಸಾಕ್ಷಿ, ಮಗಳ ಮೇಜಿನ ಮೇಲೆ ಸಿಕ್ಕ ಒಂದು ಕಾಗದ. ಅದರಲ್ಲಿ 'ಸೀ ಸೀ ಉ ಉ ಸೀ ಸೀ ಉ ಉ' ಅಂತ ಸಾಲಿಗೆ ಸರಿಯಾಗಿ 20 ಗುರುತು. ಅಂಥ ಆರು ಸಾಲು, ಆರೂ ಒಂದೇ ಥರ. ಕೆಳಗೆ 36 ಅಂತ ಬರೆದು ಸುತ್ತು ಹಾಕಿದೆ. ಸೀ ಅಂದರೆ ಸೀಸರ್, ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮೂರು ರಾತ್ರಿ ಸೀಸರನ ಹಿಂದೆ ಅಲೆದೆ. ನಾಲ್ಕನೆಯ ರಾತ್ರಿ ಹೊಳೆಯಿತು, ಎರಡೇ ಗುರುತು ಇದೆ, ಹಾಗಾದರೆ ಇದು ಬೇಕನ್!

ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ನನ ಸೈಫರಿನಲ್ಲಿ ಎರಡೇ ಗುರುತು ಸಾಕು. ಐದೈದರ ಗುಂಪು ಮಾಡಿದರೆ 32 ಜೋಡಣೆ ಸಿಗುತ್ತವೆ, ಇಂಗ್ಲಿಷ್ ಅಕ್ಷರಮಾಲೆಗೆ ಬೇಕಾದಷ್ಟಾಯಿತು. ಆ ಎರಡು ಗುರುತು ಏನು ಬೇಕಾದರೂ ಆಗಬಹುದು. 1918ರಲ್ಲಿ ಅಮೆರಿಕದ ಸಂಕೇತ ತಜ್ಞ ವಿಲಿಯಂ ಫ್ರೀಡ್‌ಮನ್ ತಮ್ಮಲ್ಲಿ ಕಲಿಯುತ್ತಿದ್ದ ಸೇನಾಧಿಕಾರಿಗಳನ್ನು ನಿಲ್ಲಿಸಿ ಗ್ರೂಪ್ ಫೋಟೋ ತೆಗೆಸಿದರು. ಕೆಲವರು ಕ್ಯಾಮೆರಾ ನೋಡುತ್ತಿದ್ದಾರೆ, ಕೆಲವರು ಪಕ್ಕಕ್ಕೆ ತಿರುಗಿದ್ದಾರೆ. ಬೇಕನ್ ಪ್ರಕಾರ ಓದಿದರೆ 'ಜ್ಞಾನವೇ ಶಕ್ತಿ' ಅನ್ನುವ ಇಂಗ್ಲಿಷ್ ಮಾತು. ಕೊನೆಯ ಅಕ್ಷರಕ್ಕೆ ಜನ ಸಾಲದೆ ಶಕ್ತಿ ಸ್ವಲ್ಪ ಕಡಿಮೆಯಾಯಿತು.

ಕೆಂಪು ಪೆನ್ನು ತೆಗೆದುಕೊಂಡು ಆ ಕಾಗದದ ಮೇಲೇ ಐದೈದಕ್ಕೆ ಗೆರೆ ಎಳೆದೆ. ಬೇಕನ್ನನ ಪಟ್ಟಿಯಲ್ಲಿ ಇರುವುದು 24 ಅಕ್ಷರ, ಅದನ್ನು 26ಕ್ಕೆ ಹಿಗ್ಗಿಸಿಕೊಂಡೆ. ಬಂದಿದ್ದು ಜಿ, ಎಂ, ಝಡ್, ಟಿ. ನಂಬದಿದ್ದರೆ ನೀವೇ ಹಾಕಿ ನೋಡಿ. ಜಿಎಂಟಿ, ಅಂದರೆ ಗ್ರೀನ್‌ವಿಚ್ ಸಮಯ, ನಡುವೆ ಒಂದು ಝಡ್. ಸೈನ್ಯದಲ್ಲಿ, ವಿಮಾನಯಾನದಲ್ಲಿ ಆ ಝಡ್ ಅಂದರೂ ಗ್ರೀನ್‌ವಿಚ್ ಸಮಯವೇ! ಮೈ ಜುಮ್ಮೆಂದಿತು. ಅದನ್ನೇ ಆರು ಸಲ ಒತ್ತಿ ಹೇಳಿದ್ದಾರೆ. ಸಾಲದ್ದಕ್ಕೆ 36 ಗಂಟೆ ಗಡುವು.

ಹೆಂಡತಿಯನ್ನು ಎಬ್ಬಿಸಿದೆ. ಅವಳು ಒಂದೇ ಕಣ್ಣು ತೆರೆದು ನೋಡಿದಳು.

"ಅಮ್ಮ ಬರೆದುಕೊಟ್ಟಿದ್ದು ಕಣ್ರೀ. ಮಫ್ಲರ್ ಹೆಣೆಯೋಕೆ. ಎರಡು ಸೀದಾ, ಎರಡು ಉಲ್ಟಾ."

"ಮತ್ತೆ ಈ 36?"

"ಇಂಚು."

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೆನ್ಸಾರಿನವರು ಹೊರದೇಶಕ್ಕೆ ಹೋಗುವ ಅಂಚೆಯಲ್ಲಿ ಪದಬಂಧ, ಚೆಸ್ ನಡೆ, ನಿಟ್ಟಿಂಗ್ ಸೂಚನೆ ಎಲ್ಲವನ್ನೂ ತಡೆಯುತ್ತಿದ್ದರು, ಹಾಗಾಗಿ ನನ್ನ ಅನುಮಾನ ತೀರಾ ಹುಚ್ಚೇನಲ್ಲ ಎಂದೆ. "ಅವರಿಗೂ ರಾತ್ರಿ ನಿದ್ದೆ ಬರ್ತಿರಲಿಲ್ವಾ?" ಎಂದು ಕೇಳಿ ಮಗ್ಗುಲು ಬದಲಿಸಿದಳು.

ಕಾಗದವನ್ನು ಇದ್ದಲ್ಲೇ ಇಟ್ಟು ಮಲಗಿದೆ. ಕೆಂಪು ಗೆರೆಗಳ ವಿಷಯ ನೆನಪಾಗಲಿಲ್ಲ. ಅಜ್ಜಿಯೇ ತಿದ್ದಿದ್ದಾರೆ ಅಂದುಕೊಂಡು ಮಗಳು ಎರಡೆರಡು ಬಿಟ್ಟು ಐದೈದಕ್ಕೆ ಬದಲಿಸುತ್ತಾ ಹೆಣೆದಳಂತೆ. ವಾರ ಕಳೆದು ಅತ್ತೆ ಬಂದಾಗ ಮಫ್ಲರ್ ಒಂದು ಮೊಳ ಬೆಳೆದಿತ್ತು. ಅವರು ಅದನ್ನು ಎತ್ತಿ ಹಿಡಿದು ನೋಡಿದರು, ಕಾಗದ ನೋಡಿದರು, ಕೆಂಪು ಪೆನ್ನು ಯಾರದು ಅಂತ ಕೇಳಿದರು. ಮಗಳು ನನ್ನ ಕಡೆ ನೋಡಿದಳು. ಅತ್ತೆ ಏನೂ ಬೈಯಲಿಲ್ಲ. ಉಣ್ಣೆಯ ಉಂಡೆ ಸಮೇತ ಮಫ್ಲರನ್ನು ತಂದು ನನ್ನ ತೊಡೆಯ ಮೇಲಿಟ್ಟರು.

"ಅಳಿಯಂದಿರಿಗೆ ಬಿಡಿಸೋದು ಅಂದ್ರೆ ಬಹಳ ಇಷ್ಟವಂತೆ. ಬಿಡಿಸಿ."