ಟೆಲಿಸ್ಕೋಪ್ ಬದಲಾಯಿಸು ಅನ್ನೋರೇ, ಮೊದಲು ಆ ಲೈಟ್ ನೋಡಿ

"ಇನ್ನೂ ಅದೇ 5 ಇಂಚಿನದ್ದಾ? 8 ಇಂಚಿನ ಡಾಬ್ಸೋನಿಯನ್ ತಗೊಳ್ಳಿ ಸಾರ್." ಇಂಚು ಅಂದರೆ ಟೆಲಿಸ್ಕೋಪಿನ ಮುಖ್ಯ ಕನ್ನಡಿಯ ಅಗಲ, ಡಾಬ್ಸೋನಿಯನ್ ಅಂದರೆ ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್. ಈ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಎಲ್ಲಿಂದ ನೋಡುತ್ತೀರಿ ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ.

ನೋಡುವುದು ಬೆಂಗಳೂರಿನ ಮನೆ ತಾರಸಿಯಿಂದ. ದಕ್ಷಿಣಕ್ಕೆ ಒಂದು ಅಪಾರ್ಟ್‌ಮೆಂಟ್. ಅದರ ನೆತ್ತಿಯಲ್ಲಿ ರಾತ್ರಿಯಿಡೀ ಉರಿಯುವ ಬಿಳಿ ಎಲ್‌ಇಡಿ ಫ್ಲಡ್‌ಲೈಟ್. ಕಾರುಗಳು ನಿಲ್ಲುವುದು ಕೆಳಗೆ, ಬೆಳಕು ಬೀಳುವುದು ನನ್ನ ತಾರಸಿಗೆ. ಸ್ವಲ್ಪ ಕೆಳಕ್ಕೆ ತಿರುಗಿಸಿ ಅಂತ ಹೋಗಿ ಕೇಳಿದೆ. ಮರೆಗೆ ಒಂದು ತಗಡು ನಾನೇ ಹಾಕಿಸಿಕೊಡುತ್ತೇನೆ ಅಂದೆ. "ಸೆಕ್ಯೂರಿಟಿಗೆ ಬೇಕು ಸಾರ್" ಅಂದರು. ಅಷ್ಟೇ, ಮಾತು ಮುಗಿಯಿತು.

ನಮಗೆ ದಕ್ಷಿಣದ ಆಕಾಶವೇ ದೊಡ್ಡ ಆಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಒಮೆಗಾ ಸೆಂಟಾರಿ ಇಲ್ಲಿ ಸುಮಾರು 30 ಡಿಗ್ರಿ ಎತ್ತರಕ್ಕೆ ಬರುತ್ತದೆ. ಲಕ್ಷಾಂತರ ನಕ್ಷತ್ರಗಳ ಗುಚ್ಛ ಅದು. ಲಂಡನ್‌ನವರಿಗೆ ಮೇಲಕ್ಕೇ ಬರುವುದಿಲ್ಲ. ನಮಗೆ ಬಂದೂ ಕಾಣುವುದಿಲ್ಲ. ಹೊಟ್ಟೆ ಉರಿಯುತ್ತದೆ.

8 ಇಂಚಿನ ಕನ್ನಡಿ ಎರಡೂವರೆ ಪಟ್ಟು ಜಾಸ್ತಿ ಬೆಳಕು ಹಿಡಿಯುತ್ತದೆ, ನಿಜ. ಊರಿನ ಬೆಳಕನ್ನೂ ಅಷ್ಟೇ ಹಿಡಿಯುತ್ತದೆ ಅಲ್ವಾ? ಗ್ರಹಗಳಿಗೆ, ಜೋಡಿ ನಕ್ಷತ್ರಗಳಿಗೆ ಲಾಭವಿದೆ, ಒಪ್ಪುತ್ತೇನೆ. ಮಸುಕಾದ ಗ್ಯಾಲಕ್ಸಿಗಳಿಗೆ ಏನು ಮಾಡಲಿ? "ಫಿಲ್ಟರ್ ಹಾಕಿ" ಅನ್ನುತ್ತಾರೆ. ಹಳೇ ಸೋಡಿಯಂ ದೀಪದ ಹಳದಿಯನ್ನು ಫಿಲ್ಟರ್ ಬಹುಪಾಲು ತಡೆಯುತ್ತಿತ್ತು. ಬಿಳಿ ಎಲ್‌ಇಡಿಯಲ್ಲಿ ಎಲ್ಲ ಬಣ್ಣವೂ ಇದೆ. ಯಾವುದನ್ನು ತಡೆಯುವುದು?

ಅಂಗಡಿಯವರದು ಇನ್ನೊಂದು ಕಾಟ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ "675 ಪಟ್ಟು", ಅಂದರೆ ಅಷ್ಟು ದೊಡ್ಡದಾಗಿ ಕಾಣುತ್ತದಂತೆ. 900 ಎಂಎಂ ಫೋಕಲ್ ಲೆಂತ್‌ನ ಟ್ಯೂಬಿಗೆ 4 ಎಂಎಂ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ), ಮೇಲೊಂದು 3 ಪಟ್ಟಿನ ಬಾರ್ಲೋ (ಇನ್ನಷ್ಟು ಹಿಗ್ಗಿಸುವ ಮಸೂರ) ಸೇರಿಸಿದರೆ ಲೆಕ್ಕಕ್ಕೆ ಅಷ್ಟಾಗುತ್ತದೆ. ಕಣ್ಣಿಗೆ ಬರೀ ಮಬ್ಬು. 5 ಇಂಚಿನದ್ದು ಒಳ್ಳೆಯ ರಾತ್ರಿಯಲ್ಲೂ 250ರ ಆಸುಪಾಸಿಗೆ ಸುಸ್ತಾಗುತ್ತದೆ. ಅಪ್ಪನನ್ನು ಕಾಡಿ ಬೇಡಿ ಕೊಡಿಸಿಕೊಂಡ ಹುಡುಗ ಆ ಮಬ್ಬು ನೋಡಿ ಟೆಲಿಸ್ಕೋಪನ್ನೇ ಅಟ್ಟಕ್ಕೆ ಹಾಕುತ್ತಾನೆ. ಇದು ಮೋಸ.

ಇದೇ 5 ಇಂಚಿನದ್ದನ್ನು ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ಒಯ್ದಿದ್ದೆ. ಆಂಡ್ರೋಮಿಡಾ ಗ್ಯಾಲಕ್ಸಿ ಐಪೀಸಿನ ಉದ್ದಕ್ಕೂ ಚಾಚಿಕೊಂಡಿತ್ತು. ಪಕ್ಕದಲ್ಲಿ ಅದರ ಎರಡು ಪುಟ್ಟ ಸಂಗಾತಿ ಗ್ಯಾಲಕ್ಸಿಗಳೂ ಇದ್ದವು. ಬದಲಾಗಿದ್ದು ಜಾಗ, ಟೆಲಿಸ್ಕೋಪ್ ಅಲ್ಲ.

ಹಾಗಾಗಿ ಕೈಲಿರುವ ದುಡ್ಡು ಮೊದಲು ಗಟ್ಟಿ ಮೌಂಟಿಗೆ, ಅಂದರೆ ಟೆಲಿಸ್ಕೋಪ್ ಹೊರುವ ಸ್ಟ್ಯಾಂಡಿಗೆ. ಈಗಿನದ್ದರಲ್ಲಿ ಫೋಕಸ್ ತಿರುಪು ಮುಟ್ಟಿದರೆ ಸಾಕು, ಶನಿಗ್ರಹ ಗಡಗಡ ನಡುಗುತ್ತದೆ. ಮಿಕ್ಕಿದ್ದು ಪೆಟ್ರೋಲಿಗೆ. ತೋಟದ ಆ ಕತ್ತಲಲ್ಲೂ ಈ ಕನ್ನಡಿ ಸಾಲದು ಅನ್ನಿಸಿದ ದಿನ ದೊಡ್ಡದು ತಗೊಳ್ಳುತ್ತೇನೆ.