ಅಮೆರಿಕನ್ ಫುಟ್‌ಬಾಲ್ ಆಟಗಾರ ಕೆನ್ ಆಂಡರ್ಸನ್ ಹಾಲ್ ಆಫ್ ಫೇಮ್ ಸೇರಬೇಕೇ? ಪರ-ವಿರೋಧ

ಪರ

1982ರ ಜನವರಿ 10ರಂದು ಓಹಾಯೋ ನದಿಯ ದಂಡೆಯಲ್ಲಿದ್ದ ಸಿನ್ಸಿನಾಟಿಯ ರಿವರ್‌ಫ್ರಂಟ್ ಕ್ರೀಡಾಂಗಣದಲ್ಲಿ ಉಷ್ಣಾಂಶ ಸೊನ್ನೆಗಿಂತ 23 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು, ಅದರ ಮೇಲೆ ಮೈ ಕೊರೆಯುವ ಗಾಳಿ. ಸ್ಯಾನ್ ಡಿಯೇಗೊ ಚಾರ್ಜರ್ಸ್ ತಂಡದ ಆಕ್ರಮಣ ನಡೆಸುತ್ತಿದ್ದ, ಪಾಸ್ ಎಸೆಯುವ ಆಟಗಾರ ಅಂದರೆ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಫೌಟ್ಸ್ ಅವರ ಗಡ್ಡದಲ್ಲಿ ಹಿಮ ಕಟ್ಟಿತ್ತು; ಅವರು ಎಸೆದ ಎರಡು ಪಾಸ್‌ಗಳು ಎದುರಾಳಿಗಳ ಕೈ ಸೇರಿದವು. ಸಿನ್ಸಿನಾಟಿ ಬೆಂಗಾಲ್ಸ್‌ನ ಕ್ವಾರ್ಟರ್‌ಬ್ಯಾಕ್ ಕೆನ್ ಆಂಡರ್ಸನ್ ಅದೇ ಗಾಳಿಯಲ್ಲಿ ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿ ಅಂಕ ಗಳಿಸುವುದು) ಪಾಸ್ ಎಸೆದರು, ಒಂದನ್ನೂ ಎದುರಾಳಿಗೆ ಬಿಟ್ಟುಕೊಡಲಿಲ್ಲ. 27-7ರಿಂದ ಗೆದ್ದ ಬೆಂಗಾಲ್ಸ್ ಮೊದಲ ಬಾರಿಗೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿತು. ಒಮ್ಮೆಯೂ ಸೂಪರ್ ಬೌಲ್ ಆಡದ ಫೌಟ್ಸ್ 1993ರಲ್ಲಿ ಶ್ರೇಷ್ಠ ಆಟಗಾರರ ಗೌರವ ಭವನವಾದ ಹಾಲ್ ಆಫ್ ಫೇಮ್ ಸೇರಿದರು, ಅದಕ್ಕೆ ಅವರು ಅರ್ಹರೂ ಹೌದು. ಆಂಡರ್ಸನ್ ಅವರ ಹೆಸರು ಮಾತ್ರ 1996ರಲ್ಲೂ 1998ರಲ್ಲೂ ಅಂತಿಮ ಪಟ್ಟಿಯವರೆಗೆ ಬಂದು ಅಲ್ಲಿಯೇ ನಿಂತಿತು. ಆ ಭವನವಿರುವ ಕ್ಯಾಂಟನ್ ಪಟ್ಟಣ ಇರುವುದು ಅವರು ಹದಿನಾರು ವರ್ಷ ಆಡಿದ ಓಹಾಯೋ ರಾಜ್ಯದಲ್ಲೇ ಎಂಬುದು ನನ್ನಂಥ ಅಭಿಮಾನಿಗೆ ಇನ್ನಷ್ಟು ನೋವಿನ ಸಂಗತಿ.

ಇಲಿನಾಯ್ ರಾಜ್ಯದ ಆಗಸ್ಟಾನಾ ಎಂಬ ಸಣ್ಣ ಕಾಲೇಜಿನ ಹುಡುಗನನ್ನು ಹೊಸ ಆಟಗಾರರನ್ನು ತಂಡಗಳು ಆರಿಸಿಕೊಳ್ಳುವ 1971ರ ಡ್ರಾಫ್ಟ್‌ನ ಮೂರನೆಯ ಸುತ್ತಿನಲ್ಲಿ ಬೆಂಗಾಲ್ಸ್ ಆರಿಸಿಕೊಂಡಿತು. ಅಲ್ಲಿ ಅವರನ್ನು ತಿದ್ದಿದವರು ಸಹಾಯಕ ಕೋಚ್ ಬಿಲ್ ವಾಲ್ಶ್. ದೂರದ ಪಾಸ್‌ಗಾಗಿ ಕಾಯದೆ, ಹೆಜ್ಜೆಗಳನ್ನು ಎಣಿಸಿ, ಹತ್ತಿರದ ಆಟಗಾರನ ಕೈಗೆ ಹೊತ್ತಿಗೆ ಸರಿಯಾಗಿ ಚೆಂಡು ತಲುಪಿಸುವ ಆ ಆಟಕ್ಕೆ ಮುಂದೆ ‘ವೆಸ್ಟ್ ಕೋಸ್ಟ್’ ಎಂಬ ಹೆಸರು ಬಂತು, ಕೀರ್ತಿಯೆಲ್ಲ ವಾಲ್ಶ್ ಮುಂದೆ ಕೋಚ್ ಆದ ಸ್ಯಾನ್ ಫ್ರಾನ್ಸಿಸ್ಕೋದ ಪಾಲಾಯಿತು. ಅದರ ಪಾಠಗಳು ನಡೆದದ್ದು ಓಹಾಯೋದಲ್ಲಿ. 1974ರ ನವೆಂಬರ್‌ನಲ್ಲಿ, ಆ ಕಾಲದ ಅತಿ ಬಲಿಷ್ಠ ರಕ್ಷಣೆಯಿದ್ದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ ಆಂಡರ್ಸನ್ 22 ಪಾಸ್ ಎಸೆದರು. ಅದರಲ್ಲಿ 20 ತಮ್ಮವರ ಕೈಗೇ ಹೋದವು.

ವಾಲ್ಶ್ ಇಲ್ಲದಿದ್ದರೆ ಆಂಡರ್ಸನ್ ಇಲ್ಲ ಎನ್ನುವವರಿಗೆ 1981ರ ಸೀಸನ್ ಉತ್ತರ ಕೊಡುತ್ತದೆ. ವಾಲ್ಶ್ ತಂಡ ಬಿಟ್ಟು ಆಗಲೇ ಐದು ಸೀಸನ್ ಕಳೆದಿದ್ದವು. ಮೊದಲ ಪಂದ್ಯದಲ್ಲೇ ಕಳಪೆಯಾಗಿ ಆಡಿ ಹೊರಗೆ ಕೂರಬೇಕಾಗಿ ಬಂದ ಮೂವತ್ತೆರಡು ವರ್ಷದ ಆಂಡರ್ಸನ್, ಸೀಸನ್ ಮುಗಿಯುವ ಹೊತ್ತಿಗೆ 3,754 ಗಜ, 29 ಟಚ್‌ಡೌನ್ ಗಳಿಸಿ, ಕೇವಲ 10 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಕೊಟ್ಟು ಲೀಗಿನ ಅತ್ಯಮೂಲ್ಯ ಆಟಗಾರರಾದರು. ಮರುವರ್ಷ, ಮುಷ್ಕರದಿಂದಾಗಿ ಒಂಬತ್ತೇ ಪಂದ್ಯಗಳಿದ್ದ ಸೀಸನ್‌ನಲ್ಲಿ, ಅವರ ಪಾಸ್‌ಗಳಲ್ಲಿ ಶೇಕಡಾ 70.6 ಗುರಿ ಮುಟ್ಟಿದವು. ಆ ದಾಖಲೆಯನ್ನು 2009ರವರೆಗೆ ಯಾರೂ ಮುರಿಯಲಾಗಲಿಲ್ಲ. ನಾಲ್ಕು ಸೀಸನ್‌ಗಳಲ್ಲಿ, ಅಂದರೆ 1974, 1975, 1981 ಮತ್ತು 1982ರಲ್ಲಿ, ಪಾಸ್ ಎಸೆತದ ದಕ್ಷತೆಯನ್ನು ಅಳೆಯುವ ಪಾಸರ್ ರೇಟಿಂಗ್‌ನಲ್ಲಿ ಲೀಗಿಗೇ ಮೊದಲಿಗರು ಅವರು.

1981ರ ಸೀಸನ್‌ನ ಕೊನೆಗೆ ಸೋತ ಸೂಪರ್ ಬೌಲ್‌ನ ಮಾತನ್ನೂ ಆಡೋಣ. ಎದುರಿಗೆ ನಿಂತಿದ್ದವರು ಸ್ಯಾನ್ ಫ್ರಾನ್ಸಿಸ್ಕೋ ತಂಡದ ಅದೇ ವಾಲ್ಶ್, ಅವರ ಹೊಸ ಶಿಷ್ಯ, ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ. ಅರ್ಧ ಪಂದ್ಯಕ್ಕೆ 0-20ರ ಹಿನ್ನಡೆ. ವಿರಾಮದ ನಂತರ ಆಂಡರ್ಸನ್ ತಾವೇ ಐದು ಗಜ ಓಡಿ ಮೊದಲ ಟಚ್‌ಡೌನ್ ಗಳಿಸಿದರು. ಅದೇ ಕ್ವಾರ್ಟರ್‌ನಲ್ಲಿ ಗೆರೆಗೆ ಮೂರೇ ಗಜ ದೂರದಿಂದ ನಾಲ್ಕು ಯತ್ನಗಳು ನಡೆದವು. ಮೂರು ಬಾರಿ ಚೆಂಡನ್ನು ದೈತ್ಯದೇಹಿ ಪೀಟ್ ಜಾನ್ಸನ್ ಕೈಗೆ ಕೊಟ್ಟು ನುಗ್ಗಿಸಲಾಯಿತು, ಗೆರೆ ದಾಟಲಾಗಲಿಲ್ಲ. ನಡುವೆ ಆಂಡರ್ಸನ್ ಎಸೆದ ಒಂದೇ ಪಾಸ್ ಚಾರ್ಲ್ಸ್ ಅಲೆಕ್ಸಾಂಡರ್ ಕೈಗೆ ಸರಿಯಾಗಿ ಬಿತ್ತು, ಆದರೆ ಗೆರೆಯ ಮುಂದೆಯೇ ಎದುರಾಳಿ ತಂಡದ ಡ್ಯಾನ್ ಬಂಜ್ ಅಲೆಕ್ಸಾಂಡರ್‌ರನ್ನು ತಬ್ಬಿ ಕೆಡವಿದರು. ಆ ದಿನ 34ರಲ್ಲಿ 25 ಪಾಸ್ ಪೂರ್ಣಗೊಳಿಸಿದ್ದು ಆಗಿನ ಸೂಪರ್ ಬೌಲ್ ದಾಖಲೆ. ಬೆಂಗಾಲ್ಸ್ 356 ಗಜ ಕ್ರಮಿಸಿತು, ಗೆದ್ದವರು 275. ಆ ಗೆರೆಯ ಮುಂದಿನ ಸೋಲನ್ನು ಚೆಂಡು ತಲುಪಿಸಿದವನ ತಲೆಗೆ ಕಟ್ಟುವುದು ನ್ಯಾಯವೆಂದು ನನಗೆ ಅನಿಸಿಲ್ಲ.

ವಿರೋಧ

ಆಂಡರ್ಸನ್ ದೊಡ್ಡ ಆಟಗಾರರಲ್ಲವೆಂದು ವಾದಿಸಲು ನಾನು ಹೊರಟಿಲ್ಲ. 2021ರಲ್ಲಿ ಬೆಂಗಾಲ್ಸ್ ತನ್ನ ಗೌರವ ಪಂಕ್ತಿಯನ್ನು ಆರಂಭಿಸಿದಾಗ ಮೊದಲ ನಾಲ್ವರಲ್ಲಿ ಅವರ ಹೆಸರಿತ್ತು. ಇಲ್ಲದಿದ್ದರೆ ಅದು ಅನ್ಯಾಯವೇ ಆಗುತ್ತಿತ್ತು. ಕ್ಯಾಂಟನ್ನಿನ ಮಾನದಂಡ ಬೇರೆ.

ಅಭಿಮಾನಿಗಳು 1974-75ರಿಂದ 1981-82ಕ್ಕೆ ಜಿಗಿಯುತ್ತಾರೆ. ನಡುವಿನ ವರ್ಷಗಳನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು? 1978ರಲ್ಲಿ ಅವರದು 10 ಟಚ್‌ಡೌನ್, 22 ಇಂಟರ್‌ಸೆಪ್ಷನ್. 1980ರಲ್ಲಿ 6 ಮತ್ತು 13. 1978ರಲ್ಲೂ 1979ರಲ್ಲೂ ಬೆಂಗಾಲ್ಸ್ ಹದಿನಾರರಲ್ಲಿ ನಾಲ್ಕೇ ಪಂದ್ಯ ಗೆದ್ದಿತು. ತಂಡ ದುರ್ಬಲವಾಗಿತ್ತೆಂಬುದು ನಿಜ, ಆದರೆ ದುರ್ಬಲ ತಂಡವನ್ನು ಕೈಹಿಡಿದು ಮೇಲೆತ್ತಿದ ಕ್ವಾರ್ಟರ್‌ಬ್ಯಾಕ್‌ಗಳಿಗೆಂದೇ ಆ ಭವನದಲ್ಲಿ ಜಾಗವಿರಬೇಕೆಂದು ನಾನು ನಂಬಿದ್ದೇನೆ.

ಎರಡನೆಯ ಮಾತು ವಾಲ್ಶ್ ಅವರ ಪದ್ಧತಿಯದು. ಅದು ಹುಟ್ಟಿದ್ದು ಆಂಡರ್ಸನ್‌ಗಾಗಿ ಅಲ್ಲ. 1970ರಲ್ಲಿ ದೂರಕ್ಕೆ ಎಸೆಯುವ ತೋಳ್ಬಲವಿಲ್ಲದ ಕ್ವಾರ್ಟರ್‌ಬ್ಯಾಕ್ ವರ್ಜಿಲ್ ಕಾರ್ಟರ್ ತಂಡದ ಪಾಲಿಗೆ ಬಂದಾಗ, ಅವರ ಮಿತಿಗೆ ತಕ್ಕಂತೆ ವಾಲ್ಶ್ ಅದನ್ನು ಹೆಣೆದರು. 1971ರಲ್ಲಿ ಪಾಸ್ ಪೂರ್ಣಗೊಳಿಸುವ ಪ್ರಮಾಣದಲ್ಲಿ ಲೀಗಿಗೆ ಮೊದಲಿಗರಾದವರು ಕಾರ್ಟರ್ ಅವರೇ. ಹತ್ತಿರದ ಪಾಸ್‌ಗಳನ್ನೇ ನೆಚ್ಚಿಕೊಂಡ ಆಟದಲ್ಲಿ ಪಾಸರ್ ರೇಟಿಂಗ್ ಸಹಜವಾಗಿಯೇ ಏರುತ್ತದೆ. ಆಂಡರ್ಸನ್ ಕಾರ್ಟರ್‌ಗಿಂತ ಎಷ್ಟೋ ಮೇಲಿನ ಆಟಗಾರ, 1981ರ ಸಾಧನೆಯೂ ಅಲ್ಲಗಳೆಯಲಾಗದ್ದು. ಆದರೂ ಆ ನಾಲ್ಕು ಮೊದಲ ಸ್ಥಾನಗಳಷ್ಟೂ ಅವರೊಬ್ಬರ ತೋಳಿನ ಗಳಿಕೆಯೆಂದು ಲೆಕ್ಕ ಹಿಡಿಯಲು ನನಗೆ ಮನಸ್ಸು ಬರುವುದಿಲ್ಲ.

2016ರಲ್ಲಿ ಭವನ ಸೇರಿದ ಕ್ವಾರ್ಟರ್‌ಬ್ಯಾಕ್ ಕೆನ್ ಸ್ಟೇಬ್ಲರ್ ಅವರೊಂದಿಗೆ ಹೋಲಿಕೆ ಮತ್ತೆ ಮತ್ತೆ ಕೇಳಿಬರುತ್ತದೆ. ಸ್ಟೇಬ್ಲರ್ 194 ಟಚ್‌ಡೌನ್‌ಗೆ 222 ಇಂಟರ್‌ಸೆಪ್ಷನ್ ಕೊಟ್ಟವರು, ಆಂಡರ್ಸನ್ 197ಕ್ಕೆ 160. ಅಂಕಿಗಳಲ್ಲಿ ಆಂಡರ್ಸನ್ ಮುಂದೆ, ಒಪ್ಪುತ್ತೇನೆ. ಆದರೆ ಸ್ಟೇಬ್ಲರ್ ತಮ್ಮ ಓಕ್ಲೆಂಡ್ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟರು. ಆಂಡರ್ಸನ್ ಆಡಿದ ಆರು ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್) ಪಂದ್ಯಗಳಲ್ಲಿ ಗೆದ್ದದ್ದು ಎರಡು, ಅವೆರಡೂ ಒಂದೇ ಸೀಸನ್‌ನಲ್ಲಿ. ಶೇಕಡಾ 70.6ರ ಆ ದಾಖಲೆಯ ಸೀಸನ್ ಕೊನೆಗೊಂಡದ್ದು ಸಿನ್ಸಿನಾಟಿಯಲ್ಲೇ, ನ್ಯೂಯಾರ್ಕ್ ಜೆಟ್ಸ್ ವಿರುದ್ಧ 17-44ರ ಸೋಲಿನಲ್ಲಿ. ಅಲ್ಲಿ ಅವರ ಮೂರು ಪಾಸ್‌ಗಳು ಎದುರಾಳಿಗಳ ಪಾಲಾದವು.

ಗೆರೆಯ ಮುಂದಿನ ಆ ನಾಲ್ಕು ಯತ್ನಗಳ ಹೊಣೆ ಆಂಡರ್ಸನ್‌ರದಲ್ಲ ಎಂದು ನಾನೂ ಒಪ್ಪುತ್ತೇನೆ. ಅದೇ ಸೂಪರ್ ಬೌಲ್‌ನ ಮೊದಲ ನಿಮಿಷಗಳನ್ನು ಮಾತ್ರ ಮರೆಯಲಾರೆ. ಪಂದ್ಯದ ಮೊದಲ ಒದೆತದಲ್ಲೇ ಸ್ಯಾನ್ ಫ್ರಾನ್ಸಿಸ್ಕೋ ಚೆಂಡನ್ನು ಕೈಚೆಲ್ಲಿತು, 26 ಗಜದ ಗೆರೆಯಲ್ಲಿ ಅದು ಬೆಂಗಾಲ್ಸ್ ವಶವಾಯಿತು, ಆಟಗಾರರು ಮುಂದೊತ್ತಿ ಅಂಕದ ಹೊಸ್ತಿಲಿಗೆ ಬಂದರು. ಆಗ ಆಂಡರ್ಸನ್ ಎಸೆದ ಪಾಸನ್ನು ಐದು ಗಜದ ಗೆರೆಯಲ್ಲಿ ಡ್ವೈಟ್ ಹಿಕ್ಸ್ ಹಿಡಿದು ಓಡಿದರು, ಅಲ್ಲಿಂದ ಮೊಂಟಾನಾ ತಂಡವನ್ನು ಮುನ್ನಡೆಸಿ ಮೊದಲ ಟಚ್‌ಡೌನ್ ಗಳಿಸಿದರು. ಪಂದ್ಯ ಮುಗಿದದ್ದು 26-21ಕ್ಕೆ.